ಬೇಸ್ ಗಿಟಾರ್‌ಗೆ ಎಂಥ ಕ್ಯಾಬಿನೆಟ್ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸ್ ನುಡಿಸುವವರು ದುಡ್ಡು ಕೂಡಿಸಿ ಮೊದಲು ಒಳ್ಳೆ ಗಿಟಾರ್ ಕೊಳ್ಳುತ್ತಾರೆ. ಆಮೇಲೆ ಜಾಸ್ತಿ ವಾಟಿನ ಆಂಪ್ (ಆಂಪ್ಲಿಫೈಯರ್). ಕ್ಯಾಬಿನೆಟ್, ಅಂದರೆ ಸ್ಪೀಕರ್ ಕೂರಿಸಿದ ಡಬ್ಬ, ಅದರ ಸರದಿ ಬರುವ ಹೊತ್ತಿಗೆ ಜೇಬು ಖಾಲಿ. ಉಳಿದ ದುಡ್ಡಿಗೆ ಸಿಕ್ಕಿದ್ದು ಮನೆಗೆ ಬರುತ್ತದೆ. ಇದು ತಲೆಕೆಳಗಾದ ಲೆಕ್ಕ. ನೀವು ಎಲ್ಲಿ ನುಡಿಸುತ್ತೀರಿ, ಯಾರ ಜೊತೆ ನುಡಿಸುತ್ತೀರಿ ಅನ್ನುವುದನ್ನು ಮೊದಲು ನೋಡಿ. ಅದಕ್ಕೆ ತಕ್ಕ ಕ್ಯಾಬಿನೆಟ್ ಆರಿಸಿ. ಆಂಪ್ ಆಮೇಲೆ ಬರಲಿ.

ಕ್ಯಾಬಿನೆಟ್‌ಗೆ ಯಾಕೆ ಅಷ್ಟು ಮಹತ್ವ? ಸದ್ದು ಬರುವುದು ಆಂಪ್‌ನಿಂದ ಅಲ್ವಾ?

ಆಂಪ್‌ನಿಂದ ಬರುವುದು ಕರೆಂಟು. ಅದನ್ನು ಸದ್ದು ಮಾಡುವುದು ಕ್ಯಾಬಿನೆಟ್ ಒಳಗಿನ ಕೋನ್. ಗಾಳಿಯನ್ನು ಹಿಂದೆ ಮುಂದೆ ತಳ್ಳುವ ಕೆಲಸ ಅದರದ್ದು.

ನಾಲ್ಕು ತಂತಿಯ ಬೇಸ್‌ನಲ್ಲಿ ಎಲ್ಲಕ್ಕಿಂತ ಕೆಳಗಿನ ಇ ತಂತಿ ಸುಮಾರು 41 ಹರ್ಟ್ಜ್. ಆ ಅಲೆಯ ಉದ್ದ 8 ಮೀಟರ್‌ಗಿಂತ ಜಾಸ್ತಿ. ಅಂಥ ಅಲೆ ಎಬ್ಬಿಸಲು ತುಂಬಾ ಗಾಳಿ ಅಲ್ಲಾಡಬೇಕು. ಎಷ್ಟು ಗಾಳಿ ಅಲ್ಲಾಡುತ್ತದೆ ಅನ್ನುವುದು ಎರಡು ವಿಷಯದ ಮೇಲೆ ನಿಂತಿದೆ: ಕೋನ್‌ಗಳ ಒಟ್ಟು ವಿಸ್ತೀರ್ಣ, ಮತ್ತು ಕೋನ್ ಹದ ತಪ್ಪದೆ ಎಷ್ಟು ಮಿಲಿಮೀಟರ್ ಹಿಂದೆ ಮುಂದೆ ಆಡಬಲ್ಲದು ಅನ್ನುವುದು. ಎರಡನೆಯದಕ್ಕೆ ತಾಂತ್ರಿಕ ವಿವರಗಳಲ್ಲಿ ‘ಎಕ್ಸ್‌ಮ್ಯಾಕ್ಸ್’ ಅನ್ನುತ್ತಾರೆ. ಆ ಮಿತಿ ದಾಟಿದ ಮೇಲೆ ಎಷ್ಟೇ ವಾಟ್ ಸುರಿದರೂ ಪ್ರಯೋಜನ ಇಲ್ಲ. ಪರ್ ಪರ್ ಅನ್ನುವ ಸದ್ದು ಬರುತ್ತದೆ, ಆಮೇಲೆ ಸ್ಪೀಕರ್ ಹರಿಯುತ್ತದೆ.

10 ಇಂಚು, 12 ಇಂಚು, 15 ಇಂಚು: ಯಾವುದು ಒಳ್ಳೆಯದು? 15 ಅಂದರೆ ಬೇಸ್ ಜಾಸ್ತಿ ತಾನೆ?

ಇದು ಎಲ್ಲರೂ ಕೇಳುವ ಪ್ರಶ್ನೆ. ಎಲ್ಲರೂ ನಂಬಿರುವ ಉತ್ತರ ಅರ್ಧ ಮಾತ್ರ ನಿಜ.

‘ಟೆನ್ ಅಂದರೆ ಪಂಚ್, ಫಿಫ್ಟೀನ್ ಅಂದರೆ ಆಳ’ ಅನ್ನುವ ಮಾತು ಅಂಗಡಿಯಲ್ಲೂ ಕೇಳುತ್ತದೆ, ಜಾಮ್ ರೂಮಿನಲ್ಲೂ ಕೇಳುತ್ತದೆ. ಆದರೆ ಇಂಚು ಒಂದೇ ನೋಡಿದರೆ ಯಾವ ಕ್ಯಾಬಿನೆಟ್ ಎಷ್ಟು ಆಳಕ್ಕೆ ಇಳಿಯುತ್ತದೆ ಅಂತ ಹೇಳಲು ಆಗುವುದಿಲ್ಲ. ಸ್ಪೀಕರ್ ಯಾವುದು, ಡಬ್ಬ ಎಷ್ಟು ದೊಡ್ಡದು, ಅದರ ಗಾಳಿ ತೂತು ಯಾವ ಸ್ವರಕ್ಕೆ ಹೊಂದಿಕೊಂಡಿದೆ, ಇವೆಲ್ಲ ಸೇರಿ ಆಳ ತೀರ್ಮಾನ ಆಗುತ್ತದೆ. ಚೆನ್ನಾಗಿ ಮಾಡಿದ ಒಂದು 12 ಇಂಚಿನ ಕ್ಯಾಬಿನೆಟ್, ಅಗ್ಗದ 15 ಇಂಚಿನದಕ್ಕಿಂತ ಕೆಳಗೆ ಇಳಿಯುವುದು ಮಾಮೂಲಿ.

ವಿಸ್ತೀರ್ಣದ ಲೆಕ್ಕ ಹೀಗಿದೆ. 10 ಇಂಚಿನ ಕೋನ್ ಸುಮಾರು 350 ಚದರ ಸೆಂಟಿಮೀಟರ್. 12 ಇಂಚಿನದು 530ರ ಹತ್ತಿರ. 15 ಇಂಚಿನದು 850ರ ಆಸುಪಾಸು. ಅಂದರೆ ಎರಡು ಹತ್ತು ಸೇರಿದರೂ ಒಂದು ಹದಿನೈದಕ್ಕೆ ಸ್ವಲ್ಪ ಕಡಿಮೆ. ನಾಲ್ಕು ಹತ್ತು ಸೇರಿದರೆ 1,400, ಹದಿನೈದನ್ನು ಎಲ್ಲೋ ದಾಟಿ ಹೋಯಿತು.

ಇಂಚಿನಿಂದ ನಿಜವಾಗಿ ಬದಲಾಗುವುದು ಇನ್ನೊಂದಿದೆ. ಕೋನ್ ದೊಡ್ಡದಾದಷ್ಟೂ ಮೇಲಿನ ಸ್ವರಗಳು ಟಾರ್ಚ್ ಬೆಳಕಿನ ಹಾಗೆ ನೇರಕ್ಕೆ ಹೋಗುತ್ತವೆ, ಪಕ್ಕಕ್ಕೆ ಹರಡುವುದಿಲ್ಲ. 15 ಇಂಚಿನ ಸ್ಪೀಕರ್ ಎದುರು ನಿಂತವರಿಗೆ ಬೆರಳಿನ ಸದ್ದು ಸ್ಪಷ್ಟ. ಪಕ್ಕದಲ್ಲಿ ನಿಂತ ಕೀಬೋರ್ಡಿನವರಿಗೆ ಬರೀ ಗುಂಯ್. ಎಲ್ಲ ಕಡೆಗೂ ತಕ್ಕಮಟ್ಟಿಗೆ ಹರಡಬೇಕು, ಗಾಳಿಯನ್ನೂ ತಳ್ಳಬೇಕು ಅಂದರೆ 12 ಇಂಚು ಒಳ್ಳೆ ನಡುದಾರಿ. ಮೊದಲ ಸಲ ಕೊಳ್ಳುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಎಷ್ಟು ವಾಟ್ ಬೇಕು?

ವಾಟ್‌ಗಿಂತ ಮೊದಲು ಇನ್ನೊಂದು ಅಂಕಿ ನೋಡಿ: ಸೆನ್ಸಿಟಿವಿಟಿ. 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆ ಅನ್ನುವುದು ಅದು. ವಾಟ್ ಎರಡು ಪಟ್ಟು ಮಾಡಿದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವಾಟ್.

ಈಗ ಲೆಕ್ಕ ಹಾಕಿ. 100 ಡೆಸಿಬೆಲ್ ಸೆನ್ಸಿಟಿವಿಟಿಯ ಕ್ಯಾಬಿನೆಟ್‌ಗೆ 100 ವಾಟ್ ಕೊಟ್ಟರೆ 120 ಡೆಸಿಬೆಲ್. 94 ಡೆಸಿಬೆಲ್‌ನ ಕ್ಯಾಬಿನೆಟ್‌ನಿಂದ ಅಷ್ಟೇ ಸದ್ದು ತೆಗೆಯಲು 400 ವಾಟ್ ಬೇಕು. ಅಂಗಡಿಯಲ್ಲಿ ‘ಸಾರ್, ಇದು 400 ವಾಟ್’ ಅಂದಾಗ ಈ ಲೆಕ್ಕ ನೆನಪಿರಲಿ.

ಡ್ರಮ್ಮರ್ ಎಷ್ಟು ಜೋರು ಅನ್ನುವುದೇ ಅಳತೆಗೋಲು. ಸಾಧಾರಣ ಡ್ರಮ್ಮರ್, ಚಿಕ್ಕ ಪಬ್, ಇಬ್ಬರು ಗಿಟಾರಿನವರು ಇದ್ದರೆ 200ರಿಂದ 300 ವಾಟ್ ಮತ್ತು ಒಳ್ಳೆಯ 2×10 (ಎರಡು 10 ಇಂಚಿನ ಸ್ಪೀಕರ್ ಇರುವ ಕ್ಯಾಬಿನೆಟ್) ಅಥವಾ 1×12 ಸಾಕು. ಮೆಟಲ್ ಬ್ಯಾಂಡ್ ಆದರೆ 500 ವಾಟ್, ಎರಡು ಕ್ಯಾಬಿನೆಟ್. ಅದಕ್ಕೂ ಮೇಲೆ ಬೇಕು ಅನ್ನಿಸಿದರೆ ಹೊತ್ತು ತರುವುದಕ್ಕಿಂತ ಪಿಎ (ಜನರಿಗೆ ಕೇಳಿಸುವ ಸೌಂಡ್ ಸಿಸ್ಟಂ) ಮೂಲಕ ಕೇಳಿಸುವುದು ಜಾಣತನ.

ಇನ್ನೊಂದು ಮಾತು. ಆಂಪ್‌ನಲ್ಲಿ ಬೇಸ್ ನಾಬ್ ತಿರುಗಿಸಿ 6 ಡೆಸಿಬೆಲ್ ಏರಿಸಿದರೆ ಆ ಸ್ವರಗಳಿಗೆ ನಾಲ್ಕು ಪಟ್ಟು ವಾಟ್ ಖರ್ಚಾಗುತ್ತದೆ. ಬ್ಯಾಂಡ್ ನಡುವೆ ನಿಮ್ಮ ಸದ್ದು ಕೇಳುತ್ತಿಲ್ಲ ಅಂದರೆ ಕೆಳಗಿನದನ್ನು ಏರಿಸಬೇಡಿ. 200ರಿಂದ 800 ಹರ್ಟ್ಜ್ ನಡುವಿನ ಮಿಡ್, ಅಂದರೆ ನಡುವಿನ ಸ್ವರಗಳನ್ನು ಸ್ವಲ್ಪ ಏರಿಸಿ. ಯಾವ ಸ್ವರ ನುಡಿಸುತ್ತಿದ್ದೀರಿ ಅಂತ ಕಿವಿಗೆ ತಿಳಿಯುವುದು ಅಲ್ಲಿಂದ.

ಓಮ್ ಲೆಕ್ಕ ಗೊಂದಲ. ಸರಳವಾಗಿ ಹೇಳಿ.

ಓಮ್ ಅಂದರೆ ಕರೆಂಟಿಗೆ ಕ್ಯಾಬಿನೆಟ್ ಒಡ್ಡುವ ತಡೆಯ ಅಳತೆ. ಆಂಪ್ ಹಿಂದೆ ‘ಕನಿಷ್ಠ 4 ಓಮ್’ ಅಂತ ಬರೆದಿರುತ್ತದೆ. ಕೆಲವಕ್ಕೆ 2 ಓಮ್ ಅಥವಾ 2.67 ಓಮ್. ನೀವು ಜೋಡಿಸಿದ ಕ್ಯಾಬಿನೆಟ್‌ಗಳ ಒಟ್ಟು ಓಮ್ ಅದಕ್ಕಿಂತ ಕೆಳಗೆ ಹೋಗಬಾರದು. ಅಷ್ಟೇ ನಿಯಮ.

ಎರಡು ಕ್ಯಾಬಿನೆಟ್ ಜೋಡಿಸಿದಾಗ ಓಮ್ ಇಳಿಯುತ್ತದೆ, ಏರುವುದಿಲ್ಲ. 8 ಮತ್ತು 8 ಸೇರಿದರೆ 4. 4 ಮತ್ತು 4 ಸೇರಿದರೆ 2. 8 ಮತ್ತು 4 ಸೇರಿದರೆ 2.67. ಆದ್ದರಿಂದ ಮೊದಲ ಕ್ಯಾಬಿನೆಟ್ 8 ಓಮ್‌ದೇ ಇರಲಿ. ಮುಂದೆ ಅಂಥದ್ದೇ ಇನ್ನೊಂದು ಸೇರಿಸಿದರೆ ಸರಿಯಾಗಿ 4 ಓಮ್ ಆಗುತ್ತದೆ. 4 ಓಮ್‌ದು ಕೊಂಡರೆ ಹೆಚ್ಚಿನ ಆಂಪ್‌ಗಳಿಗೆ ಎರಡನೆಯದು ಸೇರಿಸುವ ದಾರಿ ಅಲ್ಲಿಗೇ ಮುಚ್ಚಿಹೋಯಿತು.

ಒಂದೇ 8 ಓಮ್ ಕ್ಯಾಬಿನೆಟ್ ಹಾಕಿದಾಗ ಆಂಪ್ ತನ್ನ ಪೂರ್ತಿ ವಾಟ್ ಕೊಡುವುದಿಲ್ಲ. 4 ಓಮ್‌ಗೆ 500 ವಾಟ್ ಕೊಡುವ ಆಂಪ್ 8 ಓಮ್‌ಗೆ 250ರಿಂದ 300 ಕೊಡುತ್ತದೆ. ಹೆದರಬೇಡಿ, ಮೇಲೆ ಹೇಳಿದ ಹಾಗೆ ಅದು 3 ಡೆಸಿಬೆಲ್‌ಗಿಂತ ಜಾಸ್ತಿ ವ್ಯತ್ಯಾಸ ಅಲ್ಲ.

ವಾಲ್ವ್ ಆಂಪ್ (ಗಾಜಿನ ಟ್ಯೂಬ್‌ಗಳ ಹಳೇ ಬಗೆಯ ಆಂಪ್) ಆದರೆ ಬೇರೆ ಕಥೆ. ಅದರ ಓಮ್ ಸ್ವಿಚ್ ಕ್ಯಾಬಿನೆಟ್‌ಗೆ ಹೊಂದಬೇಕು. ಕ್ಯಾಬಿನೆಟ್ ಜೋಡಿಸದೆ ವಾಲ್ವ್ ಆಂಪ್ ಆನ್ ಮಾಡಿ ನುಡಿಸಲೇಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಒಂದು ದೊಡ್ಡ ಕ್ಯಾಬಿನೆಟ್ಟಾ, ಎರಡು ಚಿಕ್ಕದಾ?

ಎರಡು ಚಿಕ್ಕದು. ಒಂದೇ ಕಂಪನಿ, ಒಂದೇ ಮಾದರಿ, ಎರಡೂ 8 ಓಮ್. ಈ ಪುಟದಲ್ಲಿ ಒಂದೇ ಸಲಹೆ ತೊಗೊಳ್ಳುವುದಾದರೆ ಇದನ್ನು ತೊಗೊಳ್ಳಿ.

ಚಿಕ್ಕ ಜಾಗಕ್ಕೆ ಒಂದು ಹೊತ್ತರೆ ಸಾಕು. ದೊಡ್ಡ ಜಾಗಕ್ಕೆ ಎರಡೂ. ಎರಡನೆಯದು ಸೇರಿಸಿದಾಗ ಕೆಳಗಿನ ಸ್ವರಗಳು ಹತ್ತಿರ ಹತ್ತಿರ 6 ಡೆಸಿಬೆಲ್ ಏರುತ್ತವೆ. ಅರ್ಧ ಏರಿಕೆ ಆಂಪ್ ಜಾಸ್ತಿ ವಾಟ್ ಕೊಡುವುದರಿಂದ. ಇನ್ನರ್ಧ, ಎರಡು ಕ್ಯಾಬಿನೆಟ್‌ನ ಕೋನ್‌ಗಳು ಒಟ್ಟಿಗೆ ಗಾಳಿ ತಳ್ಳುವುದರಿಂದ. ಬರೀ ಆಂಪ್ ಬದಲಾಯಿಸಿ ಇಷ್ಟು ಏರಿಕೆ ಪಡೆಯಬೇಕು ಅಂದರೆ ನಾಲ್ಕು ಪಟ್ಟು ವಾಟ್ ಬೇಕಾಗುತ್ತದೆ.

ಜೋಡಿಸುವ ರೀತಿಯೂ ಮುಖ್ಯ. ಒಂದರ ಮೇಲೊಂದು ಇಡಿ. 2×10 ಆದರೆ ಮಲಗಿಸಬೇಡಿ, ನಿಲ್ಲಿಸಿ. ಸ್ಪೀಕರ್‌ಗಳು ಅಕ್ಕಪಕ್ಕ ಇದ್ದರೆ ಎರಡರಿಂದ ಬಂದ ಮೇಲಿನ ಸ್ವರಗಳು ಪಕ್ಕದಲ್ಲಿ ನಿಂತವರ ಕಿವಿಗೆ ಹಿಂದೆ ಮುಂದೆ ತಲುಪಿ ಒಂದನ್ನೊಂದು ಅಳಿಸುತ್ತವೆ. ಒಂದರ ಮೇಲೊಂದು ಇದ್ದರೆ ಪಕ್ಕಕ್ಕೆ ಚೆನ್ನಾಗಿ ಹರಡುತ್ತವೆ. ಇನ್ನೊಂದು ಲಾಭ, ಮೇಲಿನ ಸ್ಪೀಕರ್ ನಿಮ್ಮ ಕಿವಿಗೆ ಹತ್ತಿರ ಬರುತ್ತದೆ. ಮೊಣಕಾಲ ಮಟ್ಟದಲ್ಲಿ ಇರುವ ಕ್ಯಾಬಿನೆಟ್ ಎದುರು ನಿಂತು ‘ನಂಗೆ ಕೇಳಿಸ್ತಿಲ್ಲ’ ಅಂತ ವಾಲ್ಯೂಮ್ ಏರಿಸುವವರು ಎಷ್ಟೋ ಜನ. ಅಷ್ಟೊತ್ತಿಗೆ ಮೊದಲ ಸಾಲಿನಲ್ಲಿ ಕೂತವರ ಎದೆ ನಡುಗುತ್ತಿರುತ್ತದೆ.

ನನ್ನ ಹತ್ರ 4×10 ಇದೆ. ಅದಕ್ಕೆ 1×15 ಸೇರಿಸಿದರೆ?

ತುಂಬಾ ಜನ ಮಾಡುತ್ತಾರೆ, ನೋಡಲು ಚೆನ್ನಾಗಿಯೂ ಇರುತ್ತದೆ. ನಾನು ಬೇಡ ಅನ್ನುತ್ತೇನೆ. ಎರಡೂ 8 ಓಮ್ ಆದರೆ ಆಂಪ್ ಎರಡಕ್ಕೂ ಸಮ ವಾಟ್ ಹಂಚುತ್ತದೆ. ನಾಲ್ಕು ಸ್ಪೀಕರ್ ಹಂಚಿಕೊಳ್ಳುವಷ್ಟನ್ನು ಅಲ್ಲಿ ಒಂದೇ ಸ್ಪೀಕರ್ ನುಂಗಬೇಕು. ಜೋರು ಮಾಡಿದಾಗ ಮೊದಲು ಸೋಲುವುದು ಆ ಹದಿನೈದು. ಜೊತೆಗೆ ಎರಡು ಬೇರೆ ಬೇರೆ ಕ್ಯಾಬಿನೆಟ್‌ಗಳು ಕೆಲವು ಸ್ವರಗಳಲ್ಲಿ ಒಂದಕ್ಕೊಂದು ಎದುರಾಗಿ ಅಲ್ಲಾಡುತ್ತವೆ, ಅಲ್ಲಿ ಸದ್ದು ತಗ್ಗುತ್ತದೆ. ಕೇಳಿ ನಿಮಗೆ ಇಷ್ಟ ಆದರೆ ಇಟ್ಟುಕೊಳ್ಳಿ, ಅಡ್ಡಿಯಿಲ್ಲ. ಹೊಸದಾಗಿ ದುಡ್ಡು ಹಾಕುವುದಾದರೆ ಅದೇ ಮಾದರಿಯ ಇನ್ನೊಂದನ್ನು ಹುಡುಕಿ.

ದೊಡ್ಡ ಬ್ಯಾಂಡ್‌ಗಳ ಹಿಂದೆ ಕಾಣುವ ಆ ಎತ್ತರದ 8×10?

ಅದನ್ನು ‘ಫ್ರಿಜ್’ ಅನ್ನುತ್ತಾರೆ. ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಅದರ ಹಿಂದಿನ ಕಥೆ ತಿಳಿದರೆ ಕ್ಯಾಬಿನೆಟ್ ವಿಷಯವೇ ಅರ್ಧ ಅರ್ಥ ಆಗುತ್ತದೆ.

ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ತಂದಿತು. ಅದರ ಬೆನ್ನಿಗೇ 1952ರಲ್ಲಿ ಬೇಸ್‌ಮನ್ ಆಂಪ್, ಒಂದು 15 ಇಂಚಿನ ಸ್ಪೀಕರ್‌ದು. ಐವತ್ತರ ದಶಕದ ನಡುವೆ ಅದಕ್ಕೆ ನಾಲ್ಕು 10 ಇಂಚಿನ ಸ್ಪೀಕರ್ ಹಾಕಿದರು. ಹಿಂಭಾಗ ತೆರೆದ ಡಬ್ಬ ಅದು, ಬೇಸ್‌ನ ಆಳ ಹಿಡಿಯಲು ಹೇಳಿಮಾಡಿಸಿದ್ದಲ್ಲ. ಕೊನೆಗೆ ಅದನ್ನು ಅಪ್ಪಿಕೊಂಡವರು ಗಿಟಾರಿನವರು. 1960ರಲ್ಲಿ ಆ್ಯಂಪೆಗ್ ಕಂಪನಿಯ ಬಿ-15 ಬಂತು. ಹಿಂಭಾಗ ಮುಚ್ಚಿದ ಕ್ಯಾಬಿನೆಟ್, ಒಂದೇ 15 ಇಂಚಿನ ಸ್ಪೀಕರ್. ಸ್ಟುಡಿಯೋಗಳಲ್ಲಿ ಅದು ಇವತ್ತಿಗೂ ಬಳಕೆಯಲ್ಲಿದೆ.

ಆದರೆ ಅರವತ್ತರ ದಶಕ ಮುಗಿಯುವ ಹೊತ್ತಿಗೆ ರಾಕ್ ಸಂಗೀತ ಕ್ಲಬ್ ಬಿಟ್ಟು ಕ್ರೀಡಾಂಗಣಕ್ಕೆ ಹೋಗಿತ್ತು. ಬೇಸ್ ಕೇಳಿಸಲು ಪಿಎ ಮೇಲೆ ನೆಚ್ಚಿಕೊಳ್ಳುವ ಹಾಗಿರಲಿಲ್ಲ, ಎಲ್ಲವೂ ವೇದಿಕೆಯಿಂದಲೇ ಬರಬೇಕಿತ್ತು. 1969ರಲ್ಲಿ ಆ್ಯಂಪೆಗ್ 300 ವಾಟಿನ ಎಸ್‌ವಿಟಿ ಮಾಡಿತು. ಆಗಿನ ಸ್ಪೀಕರ್‌ಗಳಿಗೆ ಅಷ್ಟು ವಾಟ್ ತಡೆಯುವ ಶಕ್ತಿ ಇರಲಿಲ್ಲ. ಅದಕ್ಕೇ ಒಂದು ಆಂಪ್‌ಗೆ ಎರಡು 8×10 ಕ್ಯಾಬಿನೆಟ್, ಒಟ್ಟು ಹದಿನಾರು ಸ್ಪೀಕರ್. ರೋಲಿಂಗ್ ಸ್ಟೋನ್ಸ್ ಅದೇ ವರ್ಷದ ಅಮೆರಿಕ ಪ್ರವಾಸದಲ್ಲಿ ಅದರ ಮೊದಲ ಮಾದರಿಗಳನ್ನು ಬಳಸಿತು.

ಕುತೂಹಲದ ವಿಷಯ ಏನೆಂದರೆ ಈ ಫ್ರಿಜ್ ತುಂಬಾ ಆಳಕ್ಕೆ ಇಳಿಯುವ ಕ್ಯಾಬಿನೆಟ್ ಅಲ್ಲ. ಪೂರ್ತಿ ಮುಚ್ಚಿದ ಡಬ್ಬ. ಒಳಗೆ ನಾಲ್ಕು ಗೂಡು, ಒಂದೊಂದರಲ್ಲಿ ಎರಡೆರಡು ಸ್ಪೀಕರ್. ಈಚಿನ ಎಸ್‌ವಿಟಿ-810ಇ ಮಾದರಿಯಲ್ಲಿ 58 ಹರ್ಟ್ಜ್‌ಗೇ ಸದ್ದು 3 ಡೆಸಿಬೆಲ್ ಇಳಿದಿರುತ್ತದೆ. ಇ ತಂತಿಯ 41 ಹರ್ಟ್ಜ್ ಅದಕ್ಕೂ ಕೆಳಗೆ. ಆದರೂ ಆ ಕ್ಯಾಬಿನೆಟ್ ಎದುರು ನಿಂತು ಇ ತಂತಿ ಮೀಟಿದರೆ ಮೈ ಜುಂ ಅನ್ನುತ್ತದೆ. ಯಾಕೆಂದರೆ ನಾವು ‘ಬೇಸ್’ ಅಂತ ಸವಿಯುವ ದಪ್ಪ ಸದ್ದಿನ ದೊಡ್ಡ ಪಾಲು ಇರುವುದು 80ರಿಂದ 200 ಹರ್ಟ್ಜ್ ನಡುವೆ. ಇ ತಂತಿಯ ಎರಡನೇ ಹಾರ್ಮೋನಿಕ್, ಅಂದರೆ ಮೂಲ ಸ್ವರದ ಜೊತೆಗೇ ಹುಟ್ಟುವ ಎರಡು ಪಟ್ಟಿನ ಮೇಲುಸ್ವರ, 82 ಹರ್ಟ್ಜ್. ಅದು ಗಟ್ಟಿಯಾಗಿ ಬಂದರೆ ಕೆಳಗಿನದನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ.

ನಿಮಗೆ ಬೇಕಾ? ಅದರ ತೂಕ 63 ಕೆ.ಜಿ. ಮೇಲೆ. ಟೆಂಪೋ ಮತ್ತು ಇಬ್ಬರು ಗೆಳೆಯರು ಯಾವಾಗಲೂ ಸಿಗುತ್ತಾರೆ ಅಂದರೆ ಸರಿ. ಇಲ್ಲದಿದ್ದರೆ ಆ ಸದ್ದಿಗೆ ಹತ್ತಿರ ಇರುವ ಮುಚ್ಚಿದ 2×10 ಎರಡು ತೊಗೊಂಡು ಒಂದರ ಮೇಲೊಂದು ನಿಲ್ಲಿಸಿ.

ಮುಚ್ಚಿದ ಡಬ್ಬ ಒಳ್ಳೆಯದಾ, ಗಾಳಿ ತೂತು ಇರುವುದಾ?

ತೂತು, ಅಂದರೆ ಪೋರ್ಟ್ ಇದ್ದರೆ ಅಷ್ಟೇ ವಾಟ್‌ನಲ್ಲಿ ಕೆಳಗಿನ ಸ್ವರ ಜಾಸ್ತಿ ಬರುತ್ತದೆ. ಇವತ್ತಿನ ಹೆಚ್ಚಿನ ಕ್ಯಾಬಿನೆಟ್‌ಗಳು ಹೀಗೇ. ಆದರೆ ಪೋರ್ಟ್ ಯಾವ ಸ್ವರಕ್ಕೆ ಹೊಂದಿಕೊಂಡಿದೆಯೋ ಅದರ ಕೆಳಗೆ ಕೋನ್‌ಗೆ ಹಿಡಿತವೇ ಇರುವುದಿಲ್ಲ, ಸುಮ್ನೆ ಜೋರಾಗಿ ಆಡುತ್ತದೆ. ಮುಚ್ಚಿದ ಡಬ್ಬದಲ್ಲಿ ಆಳ ಮೆಲ್ಲಗೆ ಇಳಿಯುತ್ತದೆ, ಕೋನ್ ಹಿಡಿತದಲ್ಲಿ ಇರುತ್ತದೆ, ಸದ್ದು ಬಿಗಿ. ಪೋರ್ಟ್ ಇರುವುದನ್ನು ತೊಗೊಂಡರೆ 30ರಿಂದ 40 ಹರ್ಟ್ಜ್ ಸುತ್ತ ಒಂದು ಹೈಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಸ್ವರಗಳನ್ನು ತಡೆಯುವಂಥದ್ದು) ಬಳಸಿ. ಕೆಲವು ಆಂಪ್‌ಗಳಲ್ಲೇ ಇರುತ್ತದೆ, ಪೆಡಲ್ ಆಗಿಯೂ ಸಿಗುತ್ತದೆ. ಸ್ಪೀಕರ್ ಆಯಸ್ಸು ಹೆಚ್ಚಿಸಲು ಇದಕ್ಕಿಂತ ಸುಲಭ ದಾರಿ ಇಲ್ಲ.

ಐದು ತಂತಿಯ ಬೇಸ್‌ಗೆ ಬೇರೆ ಕ್ಯಾಬಿನೆಟ್ ಬೇಕಾ?

ಬೇರೆಯೇ ಬೇಕಿಲ್ಲ. ಬಿ ತಂತಿ ಸುಮಾರು 31 ಹರ್ಟ್ಜ್. ಯಾವ ಸಾಮಾನ್ಯ ಬೇಸ್ ಕ್ಯಾಬಿನೆಟ್ಟೂ ಅದನ್ನು ಪೂರ್ತಿಯಾಗಿ ಕೊಡುವುದಿಲ್ಲ. ಅದರ 62 ಹರ್ಟ್ಜ್‌ನ ಹಾರ್ಮೋನಿಕ್ ಸರಿಯಾಗಿ ಬಂದರೆ ಸಾಕು, ಬಿ ತಂತಿ ಬಿ ತಂತಿಯ ಹಾಗೇ ಕೇಳುತ್ತದೆ. ಅಂಗಡಿಗೆ ನಿಮ್ಮ ಗಿಟಾರನ್ನೇ ಒಯ್ದು, ಬಿ ತಂತಿಯ ಮೊದಲ ಐದು ಫ್ರೆಟ್‌ಗಳನ್ನು ಒಂದೇ ಜೋರಿನಲ್ಲಿ ನುಡಿಸಿ. ಎಲ್ಲ ಸ್ವರ ಸಮ ಬಂದರೆ ಒಳ್ಳೆ ಕ್ಯಾಬಿನೆಟ್.

ಪುಟ್ಟದಿರಬೇಕು, ಹಗುರ ಇರಬೇಕು, ಆಳಕ್ಕೆ ಇಳಿಯಬೇಕು, ಜೋರೂ ಇರಬೇಕು. ಸಿಗುತ್ತಾ?

ಹಗುರ ಸಿಗುತ್ತದೆ. ನಿಯೋಡಿಮಿಯಂ ಆಯಸ್ಕಾಂತ ಬಂದ ಮೇಲೆ 1×12 ಕ್ಯಾಬಿನೆಟ್ ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ ಆಗಿದೆ.

ಉಳಿದ ಮೂರರಲ್ಲಿ ಎರಡು ಮಾತ್ರ ಸಿಗುತ್ತವೆ. ಇದಕ್ಕೆ ಹಾಫ್‌ಮನ್ ನಿಯಮ ಅನ್ನುತ್ತಾರೆ. ಕೆಎಲ್‌ಎಚ್ ಅನ್ನುವ ಅಮೆರಿಕದ ಸ್ಪೀಕರ್ ಕಂಪನಿಯ ಹೆಸರಿನಲ್ಲಿ ‘ಎಚ್’ ಅಂದರೆ ಇದೇ ಹಾಫ್‌ಮನ್. ಪುಟ್ಟ ಡಬ್ಬ, ಆಳದ ಸ್ವರ, ಕಡಿಮೆ ವಾಟ್‌ಗೆ ಜೋರು ಸದ್ದು: ಇವುಗಳಲ್ಲಿ ಯಾವುದಾದರೂ ಒಂದನ್ನು ಬಿಟ್ಟುಕೊಡಲೇಬೇಕು. ಪುಟ್ಟ ಡಬ್ಬದಿಂದ ಆಳ ಬರುತ್ತಿದೆ ಅಂದರೆ ಅದಕ್ಕೆ ಜಾಸ್ತಿ ವಾಟ್ ಬೇಕು ಅಂತಲೇ ಅರ್ಥ. ಮೂರೂ ಇದೆ ಅಂತ ಜಾಹೀರಾತು ಹೇಳಿದರೆ ನಂಬಬೇಡಿ.

ಟ್ವೀಟರ್ ಬೇಕಾ?

ಟ್ವೀಟರ್ ಅಂದರೆ ತೀರಾ ಮೇಲಿನ ಸ್ವರಗಳಿಗೆ ಇರುವ ಪುಟ್ಟ ಸ್ಪೀಕರ್. ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿ ಬಡಿದು) ನುಡಿಸುವವರಿಗೆ ಬೇಕು. ಹೊಸ ತಂತಿಯ ಹೊಳಪು ಇಷ್ಟಪಡುವವರಿಗೂ ಬೇಕು. ಹಳೆಯ ಸೋಲ್, ರೆಗ್ಗೆ, ಬ್ಲೂಸ್ ನುಡಿಸುವವರು ಆಫ್ ಮಾಡಿಯೇ ಇಡುತ್ತಾರೆ. ಡಿಸ್ಟಾರ್ಷನ್ ಬಳಸಿದಾಗಲೂ ಆಫ್ ಮಾಡಿ, ಇಲ್ಲದಿದ್ದರೆ ಕಿವಿ ಕೆರೆದ ಹಾಗಾಗುತ್ತದೆ. ಹಿಂದೆ ಟ್ವೀಟರ್ ಕಡಿಮೆ ಮಾಡುವ ನಾಬ್ ಇರುವುದನ್ನೇ ಆರಿಸಿ.

ಮನೆಯಲ್ಲಿ ಗಿಟಾರ್ ಕ್ಯಾಬಿನೆಟ್ ಇದೆ. ಸದ್ಯಕ್ಕೆ ಅದರಲ್ಲೇ ನುಡಿಸಬಹುದಾ?

ತುಂಬಾ ಮೆಲ್ಲಗೆ ಆದರೆ ಪರವಾಗಿಲ್ಲ. ಡ್ರಮ್ಸ್ ಜೊತೆ ಬೇಡವೇ ಬೇಡ. ಗಿಟಾರ್ ಸ್ಪೀಕರ್‌ನ ಕೋನ್ ಆಡುವುದು ಒಂದೆರಡು ಮಿಲಿಮೀಟರ್ ಅಷ್ಟೇ. ಬೇಸ್ ಬಡಿದರೆ ಹರಿಯುತ್ತದೆ. ಕೀಬೋರ್ಡ್ ಆಂಪ್ ಇದ್ದರೆ ಅದು ಎಷ್ಟೋ ವಾಸಿ.

ನಮ್ಮ ಜಾಮ್ ರೂಮಿನಲ್ಲಿ ಎ ತಂತಿ ಮಾತ್ರ ಗುಂಯ್ ಅನ್ನುತ್ತದೆ. ಕ್ಯಾಬಿನೆಟ್ ಕೆಟ್ಟಿದೆಯಾ?

ಕ್ಯಾಬಿನೆಟ್ ಸರಿ ಇದೆ, ಗುಂಯ್ ಅನ್ನುತ್ತಿರುವುದು ಕೋಣೆ. ಬೆಂಗಳೂರಿನ ಎಷ್ಟೋ ಜಾಮ್ ರೂಮುಗಳು ಮನೆಯ ಒಂದು ಕೋಣೆಯಷ್ಟೇ ದೊಡ್ಡವು. ಎದುರು ಬದುರು ಗೋಡೆಗಳ ನಡುವೆ 10 ಅಡಿ ಇದ್ದರೆ ಸುಮಾರು 56 ಹರ್ಟ್ಜ್‌ನಲ್ಲಿ ಅಲೆ ಗೋಡೆಯಿಂದ ಗೋಡೆಗೆ ಬಡಿದು ತಾನೇ ಬೆಳೆಯುತ್ತದೆ. ಯಾವ ಫ್ರೆಟ್ಟೂ ಒತ್ತದೆ ಮೀಟಿದ ಎ ತಂತಿ 55 ಹರ್ಟ್ಜ್. ಉದ್ದ ಅಗಲ ಎರಡೂ 10 ಅಡಿ ಇದ್ದರಂತೂ ಎರಡು ಪಟ್ಟು ತೊಂದರೆ.

ಕ್ಯಾಬಿನೆಟ್ಟನ್ನು ಮೂಲೆಯಿಂದ ಈಚೆಗೆ ತನ್ನಿ, ಮೂಲೆಯಲ್ಲಿ ಇಟ್ಟರೆ ಗುಂಯ್ ಇನ್ನೂ ಜಾಸ್ತಿ. ಆದರೆ ಹಿಂದಿನ ಗೋಡೆಯಿಂದ ತುಂಬಾ ದೂರವೂ ಬೇಡ. ಸ್ಪೀಕರ್ ಗೋಡೆಯಿಂದ 1 ಮೀಟರ್ ದೂರ ಇದ್ದರೆ, ಗೋಡೆಗೆ ಬಡಿದು ವಾಪಸ್ ಬಂದ ಅಲೆ 86 ಹರ್ಟ್ಜ್ ಸುತ್ತ ನಿಮ್ಮ ಸದ್ದನ್ನು ಅಳಿಸುತ್ತದೆ. ಅದು ಬೇಸ್‌ನ ಎದೆಭಾಗ. ಹಿಂಭಾಗ ಗೋಡೆಗೆ ಒತ್ತಿದ ಹಾಗೆ ಇರಲಿ, ಮೂಲೆ ಬೇಡ. ಆಮೇಲೆ ಈಕ್ಯೂನಲ್ಲಿ (ಬೇರೆ ಬೇರೆ ಸ್ವರಗಳನ್ನು ಏರಿಸಿ ಇಳಿಸುವ ನಾಬ್‌ಗಳು) ಗುಂಯ್ ಅನ್ನುವ ಆ ಒಂದು ಸ್ವರದ ಸುತ್ತ ಮಾತ್ರ ಸ್ವಲ್ಪ ಕತ್ತರಿಸಿ.

ಪೊಳ್ಳು ಹಲಗೆಯ ವೇದಿಕೆ ಮೇಲೂ ಇದೇ ಕಾಟ. ಅಡಿಯಲ್ಲಿ ದಪ್ಪ ಫೋಮ್ ಹಾಕಿದರೆ ಹಲಗೆ ನಡುಗುವುದು ಕಡಿಮೆ ಆಗುತ್ತದೆ.

ಕಾರ್ಯಕ್ರಮದಲ್ಲಿ ದೊಡ್ಡ ಸೌಂಡ್ ಸಿಸ್ಟಂ ಇರುತ್ತದೆ. ಆದರೂ ಕ್ಯಾಬಿನೆಟ್ ಬೇಕಾ?

ಗಣೇಶೋತ್ಸವ, ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ನುಡಿಸುವವರು ಹೆಚ್ಚಾಗಿ ಡಿಐ ಬಾಕ್ಸ್‌ನಿಂದ (ಗಿಟಾರಿನ ಸಿಗ್ನಲನ್ನು ಮಿಕ್ಸರ್‌ಗೆ ಹೊಂದಿಸುವ ಪುಟ್ಟ ಪೆಟ್ಟಿಗೆ) ನೇರ ಮಿಕ್ಸರ್‌ಗೆ ಕೊಡುತ್ತಾರೆ. ಜನಕ್ಕೆ ಕೇಳುವುದು ಸಬ್‌ವೂಫರ್‌ನಿಂದ. ಅಂಥ ಕಡೆ ಕ್ಯಾಬಿನೆಟ್ ಇರುವುದು ನಿಮಗೆ ಮತ್ತು ಡ್ರಮ್ಮರ್‌ಗೆ ಕೇಳಿಸಲು ಮಾತ್ರ. ಆದ್ದರಿಂದ ಒಂದು 1×12 ಧಾರಾಳ ಸಾಕು. ಸ್ವಲ್ಪ ಹಿಂದಕ್ಕೆ ವಾಲಿಸಿ, ಕಿವಿಯ ಕಡೆ ಮುಖ ಮಾಡಿ ಇಡಿ. ನೆಲದ ಮೇಲಿನ ಮಾನಿಟರ್ ಚೆನ್ನಾಗಿದೆ, ಅಥವಾ ಕಿವಿಯೊಳಗಿನ ಮಾನಿಟರ್ ಬಳಸುತ್ತೀರಿ ಅಂದರೆ ಅದೂ ಬೇಡ.

ವೇದಿಕೆಯ ಮೇಲೆ ನಿಮ್ಮ ಕ್ಯಾಬಿನೆಟ್ ಮೆಲ್ಲಗೆ ಇದ್ದಷ್ಟೂ ಸೌಂಡ್ ಇಂಜಿನಿಯರ್‌ಗೆ ಅನುಕೂಲ. ಹಾಡುವವರ ಮೈಕಿಗೆ ಬೇಸ್ ನುಗ್ಗುವುದಿಲ್ಲ, ಹಾಡಿನ ಮಾತು ಜನಕ್ಕೆ ಬಿಡಿಬಿಡಿಯಾಗಿ ಕೇಳುತ್ತದೆ.

ಯಾವ ಕೇಬಲ್?

ಆಂಪ್‌ನಿಂದ ಕ್ಯಾಬಿನೆಟ್‌ಗೆ ಸ್ಪೀಕರ್ ಕೇಬಲ್ಲೇ ಬೇಕು. ಗಿಟಾರ್ ಕೇಬಲ್ ನೋಡಲು ಹಾಗೇ ಇದ್ದರೂ ಅದರ ಒಳಗಿನ ತಂತಿ ಕೂದಲಷ್ಟು ಸಣ್ಣ, ಬಿಸಿಯಾಗಿ ಕರಗಬಹುದು. ಸ್ಪೀಕಾನ್ ಅನ್ನುವ ಪ್ಲಗ್‌ಗೆ ಜಾಗ ಇದ್ದರೆ ಅದನ್ನೇ ಬಳಸಿ. ತಿರುಗಿಸಿದರೆ ಲಾಕ್ ಆಗುತ್ತದೆ, ಯಾರಾದರೂ ಕಾಲು ತಗುಲಿಸಿಕೊಂಡರೂ ಕಳಚುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದಾ? ಏನೇನು ನೋಡಬೇಕು?

ಖಂಡಿತ ಕೊಳ್ಳಿ. ಒಳ್ಳೆಯ ಕ್ಯಾಬಿನೆಟ್ ಹತ್ತಿಪ್ಪತ್ತು ವರ್ಷ ಆರಾಮಾಗಿ ಬಾಳುತ್ತದೆ. ಹೋಗುವಾಗ ನಿಮ್ಮ ಗಿಟಾರ್, ಒಂದು ಮಲ್ಟಿಮೀಟರ್, ಒಂದು 9 ವೋಲ್ಟ್ ಬ್ಯಾಟರಿ ಒಯ್ಯಿರಿ.

ಮೊದಲು ಮುಂದಿನ ಜಾಲರಿ ತೆಗೆಸಿ. ಬೇಡ ಅಂದರೆ ಅಲ್ಲಿಂದ ಎದ್ದು ಬನ್ನಿ. ಕೋನ್ ಸುತ್ತಲಿನ ಅಂಚು ಬೆರಳಿನಿಂದ ಸವರಿ ನೋಡಿ, ಬಿರುಕು ಇರಬಾರದು. ಎರಡೂ ಕೈಯ ಬೆರಳುಗಳನ್ನು ಕೋನ್ ಮೇಲೆ ಸಮ ಇಟ್ಟು ಮೆಲ್ಲಗೆ ಒತ್ತಿ ಬಿಡಿ. ಸದ್ದಿಲ್ಲದೆ ಒಳಗೆ ಹೋಗಿ ಬರಬೇಕು. ಕರಕರ ಅಂದರೆ ವಾಯ್ಸ್ ಕಾಯಿಲ್ (ಕೋನ್ ಹಿಂದಿನ ತಂತಿಯ ಸುರುಳಿ) ಉಜ್ಜುತ್ತಿದೆ, ಆ ಸ್ಪೀಕರ್ ಕಥೆ ಮುಗಿಯಿತು.

ಆಮೇಲೆ ಕೇಬಲ್ ಸಿಕ್ಕಿಸಿ ಅದರ ಇನ್ನೊಂದು ತುದಿಯಲ್ಲಿ ಮಲ್ಟಿಮೀಟರ್ ಹಿಡಿಯಿರಿ. 8 ಓಮ್ ಕ್ಯಾಬಿನೆಟ್‌ಗೆ ಮೀಟರ್ 5.5ರಿಂದ 7 ತೋರಿಸುತ್ತದೆ, 4 ಓಮ್‌ಗೆ 3ರ ಮೇಲೆ. ಅದು ಸರಿಯೇ, ಮೀಟರ್ ಅಳೆಯುವುದು ಡಿಸಿ ಮಾತ್ರ. ತುಂಬಾ ಏರಿದ್ದರೆ ಒಳಗೆ ಯಾವುದೋ ಸ್ಪೀಕರ್ ಸತ್ತಿದೆ. ಅದೇ ತುದಿಗೆ ಬ್ಯಾಟರಿಯನ್ನು ಒಂದು ಕ್ಷಣ ಮುಟ್ಟಿಸಿ ತೆಗೆಯಿರಿ. ಎಲ್ಲ ಕೋನ್‌ಗಳೂ ಒಂದೇ ಕಡೆಗೆ ಜಿಗಿಯಬೇಕು. ಒಂದು ಒಳಗೆ ಒಂದು ಹೊರಗೆ ಹೋದರೆ ಯಾರೋ ರಿಪೇರಿ ಮಾಡಿ ತಂತಿ ಅದಲು ಬದಲು ಮಾಡಿದ್ದಾರೆ. ಇದನ್ನು ಸರಿಮಾಡಬಹುದು, ಆದರೆ ಬೆಲೆ ಇಳಿಸಿ ಕೇಳಲು ಒಳ್ಳೆ ಕಾರಣ.

ಕೊನೆಗೆ ನುಡಿಸಿ. ಇ ತಂತಿಯಿಂದ ಒಂದೊಂದೇ ಫ್ರೆಟ್ ಮೇಲೆ ಬನ್ನಿ, ಪ್ರತಿ ಸ್ವರವನ್ನೂ ಉದ್ದಕ್ಕೆ ಬಿಡಿ. ಯಾವುದೋ ಒಂದು ಸ್ವರಕ್ಕೆ ಮಾತ್ರ ಜರ್ ಅಂದರೆ ಹೆಚ್ಚಾಗಿ ಸಡಿಲವಾದ ಹಿಡಿಕೆಯೋ ಸ್ಕ್ರೂವೋ ಇರುತ್ತದೆ. ಎಲ್ಲ ಕೆಳಗಿನ ಸ್ವರಕ್ಕೂ ಜರ್ ಅಂದರೆ ಬೇಡ ಬಿಡಿ.

ಅಪಾರ್ಟ್‌ಮೆಂಟಿನಲ್ಲಿ ಇದ್ದೇನೆ.

ಹೆಡ್‌ಫೋನ್ ಬಳಸಿ. ಬೇಸ್ ಅಲೆ ಗೋಡೆಯನ್ನು ಸಲೀಸಾಗಿ ದಾಟುತ್ತದೆ, ಫೋಮ್ ಅಂಟಿಸಿದರೆ ನಿಲ್ಲುವುದಿಲ್ಲ. ಅಭ್ಯಾಸಕ್ಕೆ ಒಂದು 8 ಇಂಚಿನ ಪುಟ್ಟ ಕಾಂಬೋ (ಆಂಪ್, ಸ್ಪೀಕರ್ ಎರಡೂ ಒಂದೇ ಡಬ್ಬದಲ್ಲಿ) ಇದ್ದರೆ ಸಾಕು. ವಸತಿ ಪ್ರದೇಶಕ್ಕೆ ಕಾನೂನು ಹೇಳುವ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ ಅಂದರೆ 10 ಗಂಟೆಯಿಂದ ಬೆಳಗ್ಗೆ 6ರವರೆಗೆ.

ಮಳೆಗಾಲದಲ್ಲಿ ಏನು ಮಾಡಬೇಕು?

ಮಂಗಳೂರು, ಕಾರವಾರ, ಮಲೆನಾಡಿನ ಕಡೆಯವರು ಇದನ್ನು ಕೇಳಲೇಬೇಕು. ಕೋನ್ ಹೆಚ್ಚಾಗಿ ಕಾಗದದ್ದು, ತೇವಕ್ಕೆ ಬೂಸ್ಟು ಹಿಡಿಯುತ್ತದೆ. ನೆಲಕ್ಕೆ ತಾಗಿಸಿ ಇಡಬೇಡಿ, ಅಡಿಯಲ್ಲಿ ಎರಡು ಮರದ ತುಂಡು ಕೊಡಿ. ಪ್ಲಾಸ್ಟಿಕ್ ಹೊದಿಸಿ ಬಿಗಿಯಬೇಡಿ, ಒಳಗೇ ಬೆವರುತ್ತದೆ. ಬಟ್ಟೆಯ ಕವರ್ ಹಾಕಿ. ವಾರಕ್ಕೆ ಒಂದು ಸಲವಾದರೂ ನುಡಿಸಿ. ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಡಬ್ಬ ಆದರೆ ಇನ್ನೂ ಹುಷಾರು, ನೀರು ಕುಡಿದರೆ ಉಬ್ಬಿ ಉದುರುತ್ತದೆ. ಆ ಕಡೆಯವರು ಪ್ಲೈವುಡ್‌ದೇ ಕೊಳ್ಳಿ.

ಬಡಗಿಯ ಹತ್ರ ನಾವೇ ಮಾಡಿಸಬಹುದಾ?

ಮಾಡಿಸಬಹುದು, ಒಳ್ಳೆ ಕೆಲಸ. ಆದರೆ ಕಣ್ಣಳತೆಯಲ್ಲಿ ಅಲ್ಲ. ಆಸ್ಟ್ರೇಲಿಯಾದ ನೆವಿಲ್ ತೀಲ್ 1961ರಲ್ಲಿ, ಆಮೇಲೆ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ, ಸ್ಪೀಕರ್‌ಗೆ ತಕ್ಕ ಡಬ್ಬದ ಅಳತೆ ಕಂಡುಹಿಡಿಯುವ ಲೆಕ್ಕ ಕೊಟ್ಟಿದ್ದಾರೆ. ಒಳ್ಳೆ ಕಂಪನಿಗಳು ಸ್ಪೀಕರ್ ಜೊತೆ ಆ ಅಂಕಿಗಳನ್ನು ಕೊಡುತ್ತವೆ. ವಿನ್‌ಐಎಸ್‌ಡಿ ಅನ್ನುವ ಉಚಿತ ಸಾಫ್ಟ್‌ವೇರ್‌ಗೆ ಅವನ್ನು ಹಾಕಿದರೆ ಡಬ್ಬ ಎಷ್ಟು ಲೀಟರ್ ಇರಬೇಕು, ಪೋರ್ಟ್ ಎಷ್ಟು ಉದ್ದ ಇರಬೇಕು ಅಂತ ತೋರಿಸುತ್ತದೆ. ಅಂಕಿ ಕೊಡದ ಸ್ಪೀಕರ್ ಕೊಳ್ಳಲೇಬೇಡಿ.

ಬಡಗಿಗೆ ಮೂರು ವಿಷಯ ಒತ್ತಿ ಹೇಳಿ. 18 ಮಿಲಿಮೀಟರ್ ಒಳ್ಳೆ ಪ್ಲೈವುಡ್. ಒಳಗೆ ಎದುರು ಬದುರು ಹಲಗೆಗಳ ನಡುವೆ ಅಡ್ಡಪಟ್ಟಿ, ಹಲಗೆ ನಡುಗದ ಹಾಗೆ. ಪ್ರತಿ ಸಂದಿಗೂ ಫೆವಿಕಾಲ್ ತುಂಬಿ ಗಾಳಿ ಸೋರದ ಹಾಗೆ ಬಿಗಿ. ಲೀಟರ್ ಲೆಕ್ಕ ಹಾಕುವಾಗ ಅಡ್ಡಪಟ್ಟಿ, ಪೋರ್ಟ್ ಮತ್ತು ಸ್ಪೀಕರ್ ಒಳಗೆ ತಿನ್ನುವ ಜಾಗವನ್ನು ಕಳೆಯಲು ಮರೆಯಬೇಡಿ. ಸ್ಪೀಕರ್ ಕೂರಿಸಿದ ಮೇಲೆ ಮೊದಲ ವಾರ ಮಾಮೂಲಿ ಜೋರಿನಲ್ಲಿ ನುಡಿಸಿ, ಆಮೇಲೆ ಎಲ್ಲ ಸ್ಕ್ರೂಗಳನ್ನೂ ಒಂದು ಸುತ್ತು ಬಿಗಿ ಮಾಡಿ. ಹೊಸ ಮರ ಕೂತುಕೊಳ್ಳುವಾಗ ಅವು ಸಡಿಲ ಆಗುತ್ತವೆ.